ಮೊದಲು ಬೂದಿ, ಆಮೇಲೆ ಕೆಂಡ



ಕಳೆದ ತಿಂಗಳು ಇದೇ ಪುಟದಲ್ಲಿ ಬೀಸುವ ಕಲ್ಲಿನ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆನು. ಅದನ್ನೋದಿದ ಕೆಲವರು ಮನೆಯೊಳಗಿನ ಹಳೆಯ ಸಾಮಾನುಗಳ ವಿಚಾರವನ್ನು ಇನ್ನಷ್ಟು ಬರೆಯಬೇಕೆಂದು ಕೇಳಿರುವರು. ಅವರ ಅಪೇಕ್ಷೆಯನ್ನು ನಡೆಸುವುದಕ್ಕಾಗಿ ಈ ಸಾರೆ ನಮ್ಮ ದೇವರ ಮನೆಯಲ್ಲಿರುವ ಒಂದು ಧೂಪದ ಪಾತ್ರೆಯ ವೃತ್ತಾಂತವನ್ನು ಹೇಳುತ್ತೇನೆ. ಅದು ಚೀನದೇಶದ ಪಿಂಗಾಣಿಯದು. ನಮ್ಮ ಮನೆಯಲ್ಲಿ ಮೂರು ತಲೆಮಾರು ಬಾಳಿದುದು. ಈ ಶ್ರಾವಣದಲ್ಲಿ ಅದು ಬಿರಿಯಿತು. ಅದು ಯಾರ ತಪ್ಪಿನಿಂದ ಬಿರಿಯಿತೆಂಬುದನ್ನು ನಿರ್ಣಯಿಸುವುದಕ್ಕೆ ನನಗೆ ಒಂದು ಇಡೀ ರಾತ್ರಿ ಬೇಕಾಯಿತು. ಆ ನಿರ್ಣಯವು ನಿಮ್ಮ ಮನೆಗಳಿಗೂ ಉಪಯೋಗವಾದೀತೆಂಬ ನಂಬಿಗೆಯಿಂದ ಇದನ್ನು ಬರೆಯುತ್ತಿರುವೆನು.

ನಮ್ಮ ಊರು ಚಿಂಚೋಳಿ ತಾಲೂಕಿನ ಸುಲೇಪೇಟ. ನಮ್ಮ ಅಜ್ಜನವರು ಲೆಕ್ಕಪತ್ರ ಬರೆಯುವ ವೃತ್ತಿಯವರು. ಈ ಸೀಮೆಯು 1948ರ ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಸೇರಿದ್ದುದರಿಂದ ನಮ್ಮವರಿಗೆ ‘ಪಟ್ಟಣ’ವೆಂದರೆ ಹೈದರಾಬಾದೇ ಆಗಿದ್ದಿತು. ಅಜ್ಜನವರು ಯಾವುದೋ ಕೆಲಸಕ್ಕೆಂದು ಅಲ್ಲಿಗೆ ಹೋದಾಗ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಈ ಪಾತ್ರೆಯನ್ನು ಕೊಂಡು, ಎರಡು ಧೋತರಗಳ ನಡುವೆ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಂಡು ತಂದರಂತೆ. ಬಾಯಿಯ ಅಗಲ ಒಂದು ಗೇಣು. ಕೆಳಗೆ ಮೂರು ಗಿಡ್ಡ ಕಾಲುಗಳು. ಎರಡು ಬದಿಗೆ ಎರಡು ಕಿವಿಗಳು. ಬಣ್ಣವು ಬಾಳೆಯ ಸುಳಿಯೆಲೆಯಂಥ ತಿಳಿಹಸುರು. ಬೆರಳಾಡಿಸಿದರೆ ನೀರಿನ ಮೇಲೆ ಆಡಿಸಿದಂತೆ ನುಣುಪು. ಒಳಗಡೆ ಮಾತ್ರ ಮೆರುಗಿಲ್ಲದೆ ಬರಿಯ ಮಣ್ಣು ಕಾಣುತ್ತದೆ. ನಮ್ಮ ಅಜ್ಜಿಯವರು ಅದನ್ನು ‘ಚೀನೀ ಧೂಪಾರತಿ’ ಎಂದೇ ಕರೆಯುತ್ತಿದ್ದರು.

ಈ ಪಾತ್ರೆಯ ವಿಷಯವಾಗಿ ಮನೆಯಲ್ಲಿ ಎರಡು ಪ್ರತೀತಿಗಳಿದ್ದವು. ಒಂದನೆಯದು, ಇದು ಸಾವಿರ ವರ್ಷದ ಹಿಂದಿನದೆಂಬುದು. ಎರಡನೆಯದು, ಇಂಥ ಹಸುರು ಪಾತ್ರೆಯಲ್ಲಿ ವಿಷವನ್ನಿಟ್ಟರೆ ಅದು ಬಣ್ಣಗೆಡುವುದೆಂಬುದು. ನಾನು ಬಾಲ್ಯದಲ್ಲಿ ಈ ಎರಡನ್ನೂ ನಂಬಿದ್ದೆನು. ಸಂಸ್ಕೃತ ಪಂಡಿತನಾಗಿ ಶಾಲೆಯಲ್ಲಿ ಪಾಠ ಹೇಳತೊಡಗಿದ ಮೇಲೆಯೂ, ಬಂದ ಅತಿಥಿಗಳಿಗೆ ಹೆಮ್ಮೆಯಿಂದ ಹೇಳಿದ್ದೂ ಉಂಟು. ಹೇಳಬೇಕಾಗಿದ್ದ ಮೂರನೆಯ ಮಾತೊಂದಿದ್ದಿತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದನ್ನು ಮುಂದೆ ನಿವೇದಿಸುವೆನು. ಮೊದಲು ಪಾತ್ರೆಯ ಕುಲಗೋತ್ರವನ್ನು ವಿಚಾರಿಸೋಣ.

ಧೂಪಕ್ಕೆ ಸಂಬಂಧಿಸಿದ ನಮ್ಮ ಮಾತುಗಳನ್ನೇ ನೋಡಿರಿ. ‘ಧೂಪ’ವು ಸಂಸ್ಕೃತ. ‘ಊದಿನಕಡ್ಡಿ’ಯೊಳಗಿನ ‘ಊದು’ ಅರಬ್ಬೀ ಶಬ್ದ. ಅಗರು ಮರದ ಪರಿಮಳದ ಕಟ್ಟಿಗೆಗೆ ಆ ಹೆಸರು. ‘ಪಿಂಗಾಣಿ’ಯು ಪಾರಸಿಯವರ ‘ಪಿಂಗಾನ್’, ಎಂದರೆ ಬಟ್ಟಲು. ಗುರುವಾರ ಸಾಯಂಕಾಲ ನಮ್ಮ ಪೇಟೆಯ ಅಂಗಡಿಗಳಲ್ಲಿ ಹಾಕುವ ಲೋಬಾನವೂ ಅರಬ್ಬೀ ಹೆಸರಿನದೇ. ಆ ಅಂಟಿನ ಬಹುಭಾಗವು ಸುಮಾತ್ರಾ ದ್ವೀಪದ ಮರಗಳದು. ಒಂದು ಹಿಡಿ ಹೊಗೆಯಲ್ಲಿ ನಾಲ್ಕು ದೇಶಗಳು ಕೂಡಿಕೊಂಡಿರುವಾಗ, ಅದನ್ನು ಹಿಡಿಯುವ ಪಾತ್ರೆಯು ಐದನೆಯ ದೇಶದಿಂದ ಬಂದುದರಲ್ಲಿ ಸೋಜಿಗವೇನೂ ಇಲ್ಲ. ಚೀನದವರು ಇಂಥ ಪಾತ್ರೆಗೆ ‘ಶ್ಯಾಂಗ್ ಲು’ ಎನ್ನುವರು. ‘ಪರಿಮಳದ ಒಲೆ’ ಎಂದು ಅದರ ಅರ್ಥ. ಅವರ ದೇವಾಲಯಗಳಲ್ಲಿ ಉರಿಯುವ ಗಂಧದ ಕಟ್ಟಿಗೆಯ ಹೆಸರಿನಲ್ಲಿ ನಮ್ಮ ‘ಚಂದನ’ ಶಬ್ದವೇ ಅಡಗಿರುವುದು. ನಾವು ಗಂಧವನ್ನು ಕೊಟ್ಟೆವು. ಅವರು ಅದರ ಒಲೆಯನ್ನು ಕೊಟ್ಟರು.

ಈ ಕೊಡುಕೊಳ್ಳುವಿಕೆಯು ನಮ್ಮ ಸೀಮೆಗೆ ಹೊಸದಲ್ಲ. ಸುಲೇಪೇಟದಿಂದ ಸೇಡಮ್ಮಿಗೆ ಹೋಗಿ, ಅಲ್ಲಿಂದ ಕಲಬುರಗಿಯ ದಾರಿಯನ್ನು ಹಿಡಿದರೆ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವು ಸಿಕ್ಕುತ್ತದೆ. ಇಂದು ಬಿದ್ದ ಕೋಟೆಯ ಗೋಡೆಗಳನ್ನೂ ಜೈನ ಬಸದಿಯನ್ನೂ ಶ್ರೀ ಜಯತೀರ್ಥರ ಬೃಂದಾವನವನ್ನೂ ನೋಡಲು ಜನರು ಅಲ್ಲಿಗೆ ಹೋಗುವರು. ಒಂದು ಕಾಲದಲ್ಲಿ ಅದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನು ಅಲ್ಲಿ ಆಳುತ್ತಿದ್ದಾಗ, ಕ್ರಿ. ಶ. 851ರಲ್ಲಿ, ಅರಬ್ಬೀ ಭಾಷೆಯಲ್ಲಿ ಒಂದು ಗ್ರಂಥವು ಹುಟ್ಟಿತು. ಸುಲೇಮಾನನೆಂಬ ವರ್ತಕನ ಹೆಸರಿನೊಡನೆ ಅದನ್ನು ಸೇರಿಸಿ ಹೇಳುವುದು ವಾಡಿಕೆ. ಲೋಕದ ನಾಲ್ವರು ಮಹಾರಾಜರೆಂದರೆ ಅರಬರ ಖಲೀಫ, ಚೀನದ ಅರಸು, ರೂಮಿನ ಅರಸು ಮತ್ತು ಬಲ್ಹರಾ ಎಂದು ಅದರಲ್ಲಿ ಎಣಿಸಿರುವುದು. ಈ ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ಚಕ್ರವರ್ತಿ. ಚೀನದಲ್ಲಿ ಒಂದು ಬಗೆಯ ಸೊಗಸಾದ ಮಣ್ಣುಂಟೆಂದೂ, ಅದರಿಂದ ಮಾಡಿದ ಪಾತ್ರೆಗಳು ಗಾಜಿನಷ್ಟು ತೆಳುವೆಂದೂ, ಒಳಗಿನ ನೀರಿನ ಹೊಳಪು ಹೊರಗಿನಿಂದ ಕಾಣುವುದೆಂದೂ ಅದೇ ಪುಸ್ತಕವು ವರ್ಣಿಸುತ್ತದೆ. ಚೀನದ ಹೊರಗೆ ಪಿಂಗಾಣಿಯನ್ನು ವರ್ಣಿಸಿದ ಅತ್ಯಂತ ಹಳೆಯ ಬರಹಗಳಲ್ಲಿ ಇದೂ ಒಂದು. ಮಳಖೇಡದ ಅರಸನೂ ಚೀನದ ಮಣ್ಣೂ ಒಂದೇ ಗ್ರಂಥದಲ್ಲಿ ಅಕ್ಕಪಕ್ಕವಾಗಿ ಕುಳಿತಿರುವುದನ್ನು ಕಂಡು, ನಮ್ಮ ದೇವರ ಮನೆಯ ಗೂಡು ನನಗೆ ಹಿಂದಿಗಿಂತ ವಿಶಾಲವಾಗಿ ತೋರಿತು.

ಆ ಕಾಲದ ಹಡಗುಗಳು ಎಷ್ಟು ಪಿಂಗಾಣಿಯನ್ನು ಹೊರುತ್ತಿದ್ದವೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವೂ ದೊರೆತಿದೆ. ಇಂಡೋನೇಷ್ಯದ ಬೆಲಿತುಂಗ್ ದ್ವೀಪದ ಬಳಿಯಲ್ಲಿ ಮುಳುಗಿದ್ದ ಹಡಗೊಂದು 1998ರಲ್ಲಿ ಸಿಕ್ಕಿತು. ಅದು ಅರಬರ ಮಾದರಿಯಲ್ಲಿ, ಹಲಗೆಗಳನ್ನು ಹುರಿಯಿಂದ ಹೊಲಿದು ಕಟ್ಟಿದುದು. ಅದರೊಳಗೆ ಸುಮಾರು 60,000 ಚೀನೀ ಮಣ್ಣಿನ ಪಾತ್ರೆಗಳಿದ್ದವು. ಒಂದು ಬಟ್ಟಲಿನ ಮೇಲೆ ಕ್ರಿ. ಶ. 826ಕ್ಕೆ ಸರಿಹೊಂದುವ ತೇದಿಯಿದ್ದಿತು. ನೃಪತುಂಗನು ಪಟ್ಟವೇರಿ ಹನ್ನೆರಡು ವರ್ಷಗಳಾಗಿದ್ದ ಕಾಲವದು. ಅನಂತರ ವಿಜಯನಗರದ ಕಾಲಕ್ಕೂ ಈ ವ್ಯಾಪಾರವು ನಿಲ್ಲಲಿಲ್ಲ. ಹಂಪೆಯಲ್ಲಿ ಶ್ರೀಮಂತರ ಬಡಾವಣೆಯೆಂದು ಕರೆಯುವ ನೆಲೆಯನ್ನು ಅಗೆದಾಗ ಚೀನೀ ಪಿಂಗಾಣಿಯ ಚೂರುಗಳು ಹೊರಬಿದ್ದುವು.

ಧೂಪದ ಪಾತ್ರೆಯ ವಿಷಯಕ್ಕೇ ಬರುವುದಾದರೆ, ಸಿಂಹಳದ ಒಂದು ಶಿಲಾಶಾಸನವನ್ನು ನೆನೆಯದೆ ಇರಲಾರೆನು. ಚೀನದ ನೌಕಾಧಿಪತಿ ಝೆಂಗ್ ಹೆ ಎಂಬವನ ಕಾಲದ, 1409ರ ತೇದಿಯುಳ್ಳ ಆ ಕಲ್ಲು ಗಾಲೆ ಪಟ್ಟಣದಲ್ಲಿ 1911ರಲ್ಲಿ ದೊರೆತು, ಈಗ ಕೊಲಂಬೋ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಮೂರು ಭಾಷೆಗಳ ಬರಹವುಂಟು. ಚೀನೀ ಭಾಷೆಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿಗೆ, ಪಾರಸಿಯಲ್ಲಿ ಅಲ್ಲಾಹನಿಗೆ ಚೀನದ ಚಕ್ರವರ್ತಿಯು ಕಳುಹಿಸಿದ ಕಾಣಿಕೆಗಳ ಪಟ್ಟಿ ಅದು. ಹೊನ್ನು, ಬೆಳ್ಳಿ, ಪಟ್ಟೆ, ಪರಿಮಳದ ಎಣ್ಣೆ, ದೀಪ ಇವುಗಳ ಜೊತೆಗೆ ಧೂಪದ ಪಾತ್ರೆಗಳೂ ಇವೆ. ಅವು ಪಿಂಗಾಣಿಯವಲ್ಲ, ಕಂಚಿನವು. ಮೂವರಿಗೂ ಬಹುಮಟ್ಟಿಗೆ ಸಮಾನವಾದ ಕಾಣಿಕೆ. ಮತಗಳು ಯಾವ ಮಾತಿನಲ್ಲಿ ಭಿನ್ನವಾಗಲಿ, ದೇವರ ಮುಂದೆ ಪರಿಮಳವನ್ನಿಡಬೇಕೆಂಬ ಒಂದು ಮಾತಿನಲ್ಲಿ ಅವು ಜಗಳವಾಡಿದಂತೆ ಕಾಣುವುದಿಲ್ಲ. ನಮ್ಮ ಓಣಿಯಲ್ಲಿಯೂ ಗುಡಿಯ ಗುಗ್ಗುಳದ ಹೊಗೆಯೂ ದರ್ಗಾದ ಲೋಬಾನದ ಹೊಗೆಯೂ ಒಂದೇ ಗಾಳಿಯಲ್ಲಿ ಕೂಡುತ್ತವೆ.

ಇನ್ನು ಪಾತ್ರೆಯ ಆಕಾರ. ಮೂರು ಕಾಲು, ಎರಡು ಕಿವಿಗಳ ಈ ರೂಪವು ಮೊದಲು ಕಂಚಿನದು. ಕ್ರಿಸ್ತಪೂರ್ವ ಕಾಲದಲ್ಲಿ ಚೀನದವರು ಪಿತೃಗಳಿಗೆ ಅನ್ನವನ್ನೂ ಮಾಂಸವನ್ನೂ ಅರ್ಪಿಸುವುದಕ್ಕೆ ಇಂಥ ಕಂಚಿನ ಪಾತ್ರೆಗಳನ್ನು ಬಳಸುತ್ತಿದ್ದರು. ಸುಂಗ್ ವಂಶದ ಅರಸರ ಕಾಲಕ್ಕೆ, ಎಂದರೆ ಕ್ರಿ. ಶ. 960ರಿಂದ 1279ರ ವರೆಗೆ, ಹಳೆಯ ಕಂಚಿನ ಮೇಲಿನ ಪ್ರೀತಿಯು ಬಲವಾಗಿ ಬೆಳೆಯಿತು. ಹುಯಿತ್ಸುಂಗ್ ಚಕ್ರವರ್ತಿಯು ತನ್ನ ಸಂಗ್ರಹದ ಪಾತ್ರೆಗಳ ಸಚಿತ್ರ ಪಟ್ಟಿಯನ್ನೇ ಮಾಡಿಸಿದನು. ಕುಂಬಾರರು ಆ ಕಂಚಿನ ರೂಪಗಳನ್ನು ಮಣ್ಣಿನಲ್ಲಿ ಅನುಕರಿಸಿ, ಅನ್ನದ ಪಾತ್ರೆಯನ್ನು ಧೂಪದ ಪಾತ್ರೆಯನ್ನಾಗಿ ಮಾಡಿದರು. ಆದುದರಿಂದ ಸುಂಗ್ ಕಾಲದ ಧೂಪಪಾತ್ರೆಯು ಹುಟ್ಟಿದ ದಿನವೇ ‘ಹಳೆಯದು’ ಆಗಿದ್ದಿತು. ಹಳೆಯದನ್ನು ಹೊಸದಾಗಿ ಮಾಡುವ ಕಲೆಯು ಅಂದಿನಿಂದ ಇಂದಿನ ವರೆಗೆ ನಡೆದುಬಂದಿದೆ. ಕೊಳ್ಳುವವರು ಮೋಸಹೋಗುವುದೂ ಅಂದಿನಿಂದಲೇ.

ಹಸುರು ಬಣ್ಣದ ರಹಸ್ಯವನ್ನು ಕೇಳಿರಿ. ಝೆಜಿಯಾಂಗ್ ಪ್ರಾಂತದ ಲುಂಗ್‌ಚುವಾನ್ ಎಂಬಲ್ಲಿಯ ಹಸುರು ಪಿಂಗಾಣಿಯು ಲೋಕವಿಖ್ಯಾತವು. ಐರೋಪ್ಯರು ಅದಕ್ಕೆ ‘ಸೆಲಡಾನ್’ ಎಂಬ ಹೆಸರಿಟ್ಟರು. ಅದನ್ನು ಸುಡುವ ಪರಂಪರೆಯನ್ನು ಯುನೆಸ್ಕೋ ಸಂಸ್ಥೆಯು 2009ರಲ್ಲಿ ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಗುಡ್ಡದ ಇಳಿಜಾರಿನ ಮೇಲೆ ಹಾವಿನಂತೆ ಉದ್ದಕ್ಕೆ ಏರುವ ಆವಿಗೆಗಳಲ್ಲಿ 1,200 ಡಿಗ್ರಿಗೂ ಮೇಲ್ಪಟ್ಟ ಕಾವಿನಲ್ಲಿ ಅದನ್ನು ಸುಡುತ್ತಾರೆ. ಮೈಗೆ ಬಳಿಯುವ ಮೆರುಗು ಬೇರೆ ಏನೂ ಅಲ್ಲ. ನುಣ್ಣಗೆ ಕುಟ್ಟಿದ ಕಲ್ಲಿನ ಹುಡಿ, ಸುಣ್ಣ, ಕಟ್ಟಿಗೆಯ ಬೂದಿ ಇವುಗಳನ್ನು ನೀರಿನಲ್ಲಿ ಕಲಸಿದ ರಾಡಿ. ಉರಿಯಲ್ಲಿ ಅದು ಕರಗಿ ಗಾಜಾಗುತ್ತದೆ. ಅದರೊಳಗೆ ನೂರಕ್ಕೆ ಒಂದೆರಡು ಪಾಲಿನಷ್ಟು ಕಬ್ಬಿಣದ ಅಂಶವಿರುವುದು. ಆವಿಗೆಗೆ ಗಾಳಿಯನ್ನು ಧಾರಾಳವಾಗಿ ಬಿಟ್ಟರೆ ಆ ಕಬ್ಬಿಣವು ಹಳದಿ ಇಲ್ಲವೆ ಕಂದು ಬಣ್ಣವನ್ನು ಕೊಡುತ್ತದೆ. ಗಾಳಿಯನ್ನು ಬಿಗಿಹಿಡಿದು ಹೊಗೆಯು ತುಂಬುವಂತೆ ಮಾಡಿದರೆ ಅದೇ ಕಬ್ಬಿಣವು ಹಸುರಾಗುತ್ತದೆ.

ನಮ್ಮ ಊರಿನ ಕುಂಬಾರರಿಗೆ ಈ ಸೂತ್ರದ ಅರ್ಧವು ಗೊತ್ತೇ ಇದೆ. ಗಾಳಿಯಾಡಿದರೆ ಗಡಿಗೆಯು ಕೆಂಪು. ಹೊಗೆಯಲ್ಲಿ ಮುಚ್ಚಿದರೆ ಕಪ್ಪು. ಸುಣ್ಣದ ಕಲ್ಲಿಗಂತೂ ನಮ್ಮಲ್ಲಿ ಬರವೇ ಇಲ್ಲ. ಶಹಾಬಾದದ ಹಾಸುಗಲ್ಲು ಸುಣ್ಣದ ಕಲ್ಲೇ, ವಾಡಿಯ ಸಿಮೆಂಟಿನ ಮೂಲವೂ ಅದೇ. ಬೂದಿಯು ಮನೆಮನೆಯಲ್ಲಿದೆ. ಇಲ್ಲದ್ದು ಎರಡೇ: ಅಷ್ಟು ಕಾವನ್ನು ತಡೆದುಕೊಳ್ಳುವ ಬಿಳಿಯ ಮಣ್ಣು, ಅಷ್ಟು ಕಾವನ್ನು ಹುಟ್ಟಿಸುವ ಆವಿಗೆ. ಯುರೋಪಿನವರೂ ಈ ಎರಡನ್ನು ಶತಮಾನಗಳ ಕಾಲ ಹುಡುಕಿ, ಜರ್ಮನಿಯ ಮೈಸೆನ್ನಿನಲ್ಲಿ 1710ರಲ್ಲಿ ಪಿಂಗಾಣಿಯ ಕಾರಖಾನೆಯನ್ನು ತೆರೆದರು. ಇದನ್ನೆಲ್ಲ ಓದಿ ತಿಳಿದ ಮೇಲೆ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಧೂಪದ ಪಾತ್ರೆಯ ಹಸುರು ಬಣ್ಣವು ಹೊಗೆಯಿಂದ ಹುಟ್ಟಿದುದು; ಅದರ ಹೊಳಪು ಬೂದಿಯಿಂದ ಹುಟ್ಟಿದುದು.

ಈಗ ಮನೆಯ ಪ್ರತೀತಿಗಳ ವಿಚಾರ. ವಿಷದ ಮಾತು ನಮ್ಮ ಮನೆಯದಷ್ಟೇ ಅಲ್ಲ. ಹಿಂದುಸ್ಥಾನದ ನವಾಬರೂ ಅಮೀರರೂ ಈ ಹಸುರು ತಟ್ಟೆಗಳನ್ನು ‘ಘೋರಿ’ ಎಂದು ಕರೆದು, ವಿಷ ಬೆರೆತ ಅನ್ನವನ್ನಿಟ್ಟರೆ ಅವು ಬಿರಿಯುವುವು ಅಥವಾ ಬಣ್ಣಗೆಡುವುವು ಎಂದು ನಂಬಿದ್ದರು. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಇಂಥ ಹಸುರು ಪಾತ್ರೆಗಳನ್ನು ಇಂದಿಗೂ ನೋಡಬಹುದು. ನಂಬಿಗೆಯು ಸುಳ್ಳು. ಮೆರುಗೆಂದರೆ ಗಾಜು, ಗಾಜಿನ ಲೋಟವು ಹಾಲನ್ನೂ ಹಾಲಾಹಲವನ್ನೂ ಹೇಗೆ ಒಂದೇ ಸಮನಾಗಿ ಹಿಡಿಯುವುದೋ, ಹಾಗೆಯೇ ಇದೂ. ಪ್ರಾಣಭಯವುಳ್ಳ ಒಡೆಯನಿಗೆ ತಟ್ಟೆಯ ಮೇಲೆ ನಂಬಿಗೆಯಿಡುವುದು ಅಡಿಗೆಯವನ ಮೇಲೆ ಇಡುವುದಕ್ಕಿಂತ ಸುಲಭವಾಗಿ ತೋರಿರಬೇಕು.

ಸಾವಿರ ವರ್ಷದ ಮಾತು ಏನಾಯಿತೆಂದರೆ, ಈ ವಿದ್ಯೆಯನ್ನು ಬಲ್ಲ ಗೆಳೆಯರೊಬ್ಬರು ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಬಂದಿದ್ದರು. ಅವರು ಪಾತ್ರೆಯ ಹೊಳಪನ್ನು ನೋಡಲೇ ಇಲ್ಲ. ತಲೆಕೆಳಗು ಮಾಡಿ ಕಾಲುಗಳನ್ನು ನೋಡಿದರು. ಪಾತ್ರೆಯ ಜಾತಕವು ಅದರ ಪಾದದಲ್ಲಿದೆ ಎಂದರು. ಹಳೆಯ ಲುಂಗ್‌ಚುವಾನ್ ಪಾತ್ರೆಗಳಲ್ಲಿ ಮೆರುಗು ತಾಕದ ಮಣ್ಣು, ಉರಿಯ ಕೊನೆಗೆ ಗಾಳಿಯು ಸೋಕಿ, ತುಕ್ಕಿನಂತೆ ಕೆಂಪಾಗಿರುತ್ತದೆ. ನಮ್ಮದರ ಪಾದವು ಅಚ್ಚ ಬಿಳುಪು. ಇದು ಹಳೆಯ ರೂಪವನ್ನು ನೋಡಿ ಮಾಡಿದುದು, ನೂರು ವರ್ಷಕ್ಕೆ ಅತ್ತಿತ್ತ ಇರಬಹುದು, ಎಂದು ಹೇಳಿ ಮೆಲ್ಲಗೆ ಕೆಳಗಿಟ್ಟರು. ಒಂದು ನಿಮಿಷದಲ್ಲಿ ನಮ್ಮ ಒಂಬೈನೂರು ವರ್ಷಗಳು ಹೊರಟುಹೋದವು. ಈ ಮಾತನ್ನು ನಾನು ಮನೆಯಲ್ಲಿ ಯಾರಿಗೂ ತಿಳಿಸಲಿಲ್ಲ. ಅಜ್ಜನವರ ಹೆಮ್ಮೆಯನ್ನು ಕಾಯುವುದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆನು. ನಿಜವಾಗಿ ಕಾಯುತ್ತಿದ್ದುದು ನನ್ನ ಹೆಮ್ಮೆಯನ್ನು.

ಅಂಥ ಹೆಮ್ಮೆಯು ಈ ಶ್ರಾವಣದಲ್ಲಿ ನನ್ನ ಬಾಯಿಂದ ಕೆಟ್ಟ ಮಾತನ್ನಾಡಿಸಿತು. ನಮ್ಮ ಕಿರಿಯ ಸೊಸೆಯು ಪಟ್ಟಣದಲ್ಲಿ ಬೆಳೆದವಳು. ಅವಳ ತವರಿನಲ್ಲಿ ಊದಿನಕಡ್ಡಿಯ ರೂಢಿಯೇ ಹೊರತು ಕೆಂಡದ ಧೂಪದ ರೂಢಿಯಿಲ್ಲ. ನನ್ನ ಹೆಂಡತಿಗೆ ಮೈಯಲ್ಲಿ ನೆಟ್ಟಗಿರಲಿಲ್ಲವಾದ್ದರಿಂದ ಆ ಸೋಮವಾರ ಸಾಯಂಕಾಲದ ಪೂಜೆಯ ಸಿದ್ಧತೆಯನ್ನು ಸೊಸೆಯೇ ಮಾಡಿದಳು. ಪಾತ್ರೆಯನ್ನು ತಿಕ್ಕಿ ತೊಳೆದು, ಹಳೆಯ ಬೂದಿಯನ್ನೆಲ್ಲ ಚೆಲ್ಲಿ, ಕನ್ನಡಿಯಂತೆ ಮಾಡಿ, ಒಲೆಯಿಂದ ನಾಲ್ಕು ನಿಗಿನಿಗಿ ಕೆಂಡಗಳನ್ನು ತಂದು ನೇರವಾಗಿ ಅದರೊಳಗೆ ಹಾಕಿದಳು. ಸಾಂಬ್ರಾಣಿಯ ಹೊಗೆಯು ಏಳುವುದಕ್ಕೆ ಮುಂಚೆಯೇ ‘ಟಣ್’ ಎಂಬ ಸದ್ದಾಯಿತು. ಬಾಯಿಯಿಂದ ಕಾಲಿನ ವರೆಗೆ ಒಂದು ಕರಿಯ ಗೆರೆ.

ನಾನು ಹೊರಗಿನಿಂದ ಬಂದು ನೋಡಿ, ಮೂರು ತಲೆಮಾರು ಕಾಯ್ದುದನ್ನು ಒಂದು ದಿನದಲ್ಲಿ ಕಳೆದೆ ಎಂದುಬಿಟ್ಟೆನು. ಅಷ್ಟಕ್ಕೆ ನಿಲ್ಲಿಸದೆ ತವರಿನ ಮಾತನ್ನೂ ಎತ್ತಿದೆನು. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವನವರೇ, ಇದು ಸಾವಿರ ವರ್ಷದ್ದೆಂದು ನೀವು ನನಗೆ ಮೂರು ಸಾರೆ ಹೇಳಿರುವಿರಿ. ವಿಷವನ್ನು ಕಂಡುಹಿಡಿಯುವುದೆಂದೂ ಹೇಳಿರುವಿರಿ. ಕೆಳಗೆ ಬೂದಿಯನ್ನು ಹಾಸಬೇಕೆಂದು ಯಾರೂ ಹೇಳಲಿಲ್ಲವಲ್ಲ,” ಎಂದಳು.

ವಾಚಕರೇ, ನಾನು ಮೂವತ್ತನಾಲ್ಕು ವರ್ಷ ಉಪಾಧ್ಯಾಯನಾಗಿದ್ದವನು. ವಿದ್ಯಾರ್ಥಿಗೆ ಪಾಠವನ್ನು ಹೇಳದೆ ಪರೀಕ್ಷೆಯಲ್ಲಿ ಪ್ರಶ್ನೆಯನ್ನಿಟ್ಟು, ಉತ್ತರ ಬರೆಯದವನನ್ನು ಬೈಯುವ ಮೇಷ್ಟರನ್ನು ಏನೆನ್ನಬೇಕು? ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅಜ್ಜಿಯವರು ಈ ಪಾತ್ರೆಯನ್ನು ಬಳಸುತ್ತಿದ್ದ ಬಗೆಯು ಕಣ್ಣಿನ ಮುಂದೆ ಬಂದಿತು. ಅವರು ಕುಳ್ಳಿನ ಬೂದಿಯನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಮೂರು ಬೆರಳಿನಷ್ಟು ದಪ್ಪವಾಗಿ ಒಳಗೆ ಹಾಸುವರು. ನಡುವೆ ಬೆರಳಿನಿಂದ ಒಂದು ಗುಳಿಯನ್ನು ಮಾಡಿ, ಮೇಲೆ ಉರಿ ಆರಿದ ಒಂದೇ ಕೆಂಡವನ್ನಿಡುವರು. ಕೆಂಡವು ಪಾತ್ರೆಯ ಮೈಗೆ ಎಂದೂ ತಾಗದು. ತಿಂಗಳಿಗೊಮ್ಮೆ ಮೇಲಿನ ಬೂದಿಯನ್ನು ತೆಗೆಯುವರೇ ಹೊರತು ತಳದ್ದನ್ನು ತೆಗೆಯರು. ಇದನ್ನು ನಾನು ಸಾವಿರ ಸಾಯಂಕಾಲ ನೋಡಿದ್ದೆನು. ನೋಡಿದ್ದರಿಂದಲೇ ಇದು ಹೇಳಬೇಕಾದ ಮಾತೆಂದು ನನಗೆ ತೋರಲೇ ಇಲ್ಲ. ಹೇಳಬೇಕಾಗಿದ್ದ ಮೂರನೆಯ ಮಾತೆಂದು ಮೇಲೆ ಸೂಚಿಸಿದ್ದು ಇದೇ.

ಬೂದಿಯ ಕೆಲಸವೇನೆಂಬುದನ್ನು ಶಾಸ್ತ್ರೀಯವಾಗಿ ನೋಡೋಣ. ಪಿಂಗಾಣಿಯಲ್ಲಿ ಕಾವು ಬೇಗ ಹರಡುವುದಿಲ್ಲ. ಕೆಂಡವು ತಾಗಿದ ಜಾಗವು ಕಾದು ಹಿಗ್ಗುತ್ತದೆ. ಎರಡು ಬೆರಳಿನಾಚೆಯ ಜಾಗವು ತಣ್ಣಗಿದ್ದು ಹಿಗ್ಗಲೊಲ್ಲದು. ಒಂದೇ ಮೈಯ ಎರಡು ಭಾಗಗಳು ಹೀಗೆ ಎಳೆದಾಡಿದಾಗ ಅದು ಬಿರಿಯುತ್ತದೆ. ಬೂದಿಯ ಕಣಗಳ ನಡುವೆ ಗಾಳಿಯು ಸೆರೆಯಾಗಿರುವುದರಿಂದ ಅದು ಕಾವನ್ನು ತಡೆದು, ಮೆಲ್ಲಮೆಲ್ಲಗೆ, ಎಲ್ಲ ಕಡೆಗೂ ಸಮನಾಗಿ ಬಿಡುತ್ತದೆ. ಚೀನದವರೂ ಹೀಗೆಯೇ ಮಾಡುತ್ತಿದ್ದರು. ಅವರು ಕೆಂಡವನ್ನು ಬೂದಿಯೊಳಗೆ ಹುಗಿದು, ಮೇಲೆ ಅಭ್ರಕದ ಇಲ್ಲವೆ ಬೆಳ್ಳಿಯ ತೆಳು ಹಲ್ಲೆಯನ್ನಿಟ್ಟು, ಅದರ ಮೇಲೆ ಗಂಧವನ್ನಿಡುವರು. ಗಂಧವು ಸುಡದೆ ಬರಿಯ ಕಾವಿಗೆ ಪರಿಮಳವನ್ನು ಬಿಡುವುದು, ಹೊಗೆಯು ಕಡಮೆ. ನಮ್ಮ ಕುಂಬಾರರ ಕೆಂಪು ಮಣ್ಣಿನ ಧೂಪಾರತಿಗಾದರೋ ಈ ಉಪಚಾರವೆಲ್ಲ ಅಷ್ಟಾಗಿ ಬೇಡ. ಅದರ ಮೈಯಲ್ಲಿ ಮರಳೂ ಸಣ್ಣ ರಂಧ್ರಗಳೂ ಇರುವುದರಿಂದ ಹಿಗ್ಗುವುದಕ್ಕೆ ಎಡೆಯುಂಟು. ಬರಿಯ ಕೆಂಡವನ್ನು ಅದು ಸೈರಿಸಿಕೊಳ್ಳುತ್ತದೆ. ನಯವಾದುದು ಬೇಗ ಬಿರಿಯುತ್ತದೆ, ಒರಟಾದುದು ತಾಳುತ್ತದೆ.

ಬೆಳಗಾದ ಮೇಲೆ ನಾನು ಸೊಸೆಯನ್ನೂ ಮಗನನ್ನೂ ಹೆಂಡತಿಯನ್ನೂ ಕರೆದು, ತಪ್ಪು ನನ್ನದೆಂದು ಹೇಳಿದೆನು. ಗೆಳೆಯರು ಎರಡು ವರ್ಷದ ಹಿಂದೆ ಹೇಳಿದ್ದ ಮಾತನ್ನೂ ಆಗಲೇ ಒಪ್ಪಿಸಿದೆನು. ಸಾವಿರ ವರ್ಷವು ನೂರಾಯಿತೆಂದು ಕೇಳಿ ನನ್ನ ಹೆಂಡತಿಯು ನಕ್ಕುಬಿಟ್ಟಳು. ಅಜ್ಜಿಗೆ ಇದು ಮೊದಲೇ ಗೊತ್ತಿದ್ದಿತಂತೆ. ಅಂಗಡಿಯವನು ಹೇಳಿದ ಕಥೆಯನ್ನು ಅಜ್ಜನವರು ನಂಬಿದರೆಂದು ಆಕೆಯೇ ಸೊಸೆಯಂದಿರ ಮುಂದೆ ಹೇಳುತ್ತಿದ್ದರಂತೆ! ಗಂಡಸರಿಗೆ ಬೂದಿಯ ಮಾತು ತಿಳಿಯಲಿಲ್ಲ. ಬೆಲೆಯ ಮಾತೂ ತಿಳಿಯಲಿಲ್ಲ.

ಬಿರಿದ ಪಾತ್ರೆಯನ್ನು ಏನು ಮಾಡಬೇಕೆಂಬ ಪ್ರಶ್ನೆಯು ಬಂದಿತು. ಜಪಾನಿನ ಟೋಕಿಯೋ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಸುಂಗ್ ಕಾಲದ ಒಂದು ಹಸುರು ಬಟ್ಟಲುಂಟು. 15ನೆಯ ಶತಮಾನದಲ್ಲಿ ಅದು ಅಶಿಕಾಗ ಯೋಶಿಮಸ ಎಂಬ ಪ್ರಭುವಿನ ವಶದಲ್ಲಿದ್ದಾಗ ಬಿರಿಯಿತಂತೆ. ಅಂಥದೇ ಇನ್ನೊಂದನ್ನು ಕೊಡಬೇಕೆಂದು ಅವನು ಅದನ್ನು ಚೀನಕ್ಕೆ ಕಳುಹಿಸಲಾಗಿ, ಆ ಕಾಲಕ್ಕೆ ಅಲ್ಲಿ ಅಂಥದು ದೊರೆಯದೆ, ಬಿರುಕಿಗೆ ಲೋಹದ ಕೊಂಡಿಗಳನ್ನು ಬಡಿದು ಅದನ್ನೇ ಹಿಂದಕ್ಕೆ ಕಳುಹಿಸಿದರೆಂದು ಕಥನವಿದೆ. ಆ ಕೊಂಡಿಗಳೊಡನೆಯೇ ಅದನ್ನು ಇಂದಿಗೂ ಆದರದಿಂದ ಇಟ್ಟಿರುವರು. ಈ ಸಂಗತಿಯನ್ನು ಸೊಸೆಗೆ ಹೇಳಿದೆನು. “ಹಾಗಾದರೆ ನಮ್ಮದೂ ಇರಲಿ,” ಎಂದಳು. ಕೆಂಡವನ್ನು ಅದಕ್ಕೆ ಇನ್ನು ಹಾಕುವಂತಿಲ್ಲ. ಸೋಸಿದ ಬೂದಿಯನ್ನು ತುಂಬಿ ಊದಿನಕಡ್ಡಿಯನ್ನು ಚುಚ್ಚುತ್ತೇವೆ. ಬಿರುಕಿನಿಂದ ಬೂದಿಯು ಉದುರದಿರಲೆಂದು ಒಳಗೆ ಒಂದು ತಾಮ್ರದ ತಟ್ಟೆಯನ್ನಿಟ್ಟಿರುವಳು. ಕೆಂಡದ ಧೂಪಕ್ಕೆ ಕುಂಬಾರರ ಮನೆಯ ಮಣ್ಣಿನ ಪಾತ್ರೆಯು ಬಂದಿದೆ.

ಇಂಥ ಪಾತ್ರೆಗಳುಳ್ಳ ಮನೆಯವರಿಗೆ ಕೆಲವು ಸೂಚನೆಗಳನ್ನು ಕೊಟ್ಟು ಮುಗಿಸುತ್ತೇನೆ. ಪಿಂಗಾಣಿಯ ಧೂಪಪಾತ್ರೆಗೆ ಬೂದಿಯ ಹಾಸಿಲ್ಲದೆ ಕೆಂಡವನ್ನು ಹಾಕತಕ್ಕದ್ದಲ್ಲ. ಬಿಸಿಯಿರುವಾಗ ನೀರನ್ನು ಸೋಕಿಸತಕ್ಕದ್ದಲ್ಲ. ಹುಣಿಸೆಹಣ್ಣು, ಇಟ್ಟಿಗೆಯ ಹುಡಿ, ತಂತಿಯ ಉಜ್ಜು ಇವು ಹಿತ್ತಾಳೆಗೆ ಸರಿ, ಪಿಂಗಾಣಿಗೆ ಸಲ್ಲವು. ಒದ್ದೆಯ ಮೆತ್ತನೆಯ ಅರಿವೆಯೇ ಸಾಕು. ಕಿವಿಗಳನ್ನು ಹಿಡಿದು ಎತ್ತದೆ ಎರಡೂ ಕೈಗಳಿಂದ ತಳವನ್ನು ಹಿಡಿದು ಎತ್ತಿರಿ. ಧೂಪ ಹಾಕುವಾಗ ಒಂದು ಕಿಟಕಿಯು ತೆರೆದಿರಲಿ. ಎಳೆಯ ಮಕ್ಕಳಿಗೂ ದಮ್ಮಿನ ರೋಗದವರಿಗೂ ದೇವರ ಹೊಗೆಯೂ ಹೊಗೆಯೇ. ಪಾದದ ಮೇಲೆ ಚೀನೀ ಅಕ್ಷರದಲ್ಲಿ ಅರಸನ ಹೆಸರಿದೆಯೆಂದು ಹಿಗ್ಗಬೇಡಿರಿ. ಹಿಂದಿನ ಅರಸರ ಮುದ್ರೆಯನ್ನು ಮುಂದಿನ ಕಾಲದ ಕುಂಬಾರರು ಧಾರಾಳವಾಗಿ ಬರೆದಿರುವರು. ವಸ್ತುವು ನಿಜವಾಗಿ ನೂರು ವರ್ಷಕ್ಕೆ ಮೇಲ್ಪಟ್ಟದ್ದಾದರೆ 1972ರ ಪುರಾವಸ್ತುಗಳ ಕಾಯಿದೆಯ ಪ್ರಕಾರ ಖಾಸಗಿಯವರು ಅದನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ಮನೆಬಾಗಿಲಿಗೆ ಬಂದು ಪರದೇಶದ ಬೆಲೆಯನ್ನು ಹೇಳುವ ದಲ್ಲಾಳಿಯ ಮಾತಿಗೆ ಮರುಳಾಗದಿರಿ.

ಕೊನೆಯ ಸೂಚನೆಯು ಪಾತ್ರೆಯದಲ್ಲ. ನಿಮ್ಮ ಮನೆಯಲ್ಲಿಯೂ ಯಾವುದೋ ಹಳೆಯ ಕೀಲಿ, ಉಪ್ಪಿನಕಾಯಿಯ ಭರಣಿ, ತಂಬೂರಿ, ಗಡಿಯಾರ ಇದ್ದೇ ಇರುವುದು. ಅದರ ಹಿರಿಮೆಯ ಕಥೆಯು ಎಲ್ಲರಿಗೂ ಬಾಯಿಪಾಠವಾಗಿರುವುದು. ಅದನ್ನು ಬಳಸುವ ಸಣ್ಣ ಮರ್ಮವು ಮಾತ್ರ ಒಬ್ಬರ ಕೈಯಲ್ಲಿ, ಮಾತಾಗದೆ, ಉಳಿದಿರುವುದು. ಆ ಕೈಯು ಇರುವಾಗಲೇ ಅವರ ಬಳಿ ಕುಳಿತು ಕೇಳಿರಿ. ಒಂದು ಪುಸ್ತಕದಲ್ಲಿ ಬರೆದಿಡಿರಿ. ನಮ್ಮ ಮನೆಯಲ್ಲಿ ಅಂಥ ಪುಸ್ತಕವೊಂದನ್ನು ಈ ಶ್ರಾವಣದಲ್ಲಿಯೇ ಆರಂಭಿಸಿದೆವು. ಮೊದಲನೆಯ ಪುಟವನ್ನು ಸೊಸೆಯೇ ಬರೆದಿರುವಳು. ಸಾವಿರ ವರ್ಷದ ಮಾತೂ ವಿಷದ ಮಾತೂ ಅದರಲ್ಲಿಲ್ಲ. ‘ಮೊದಲು ಬೂದಿ, ಆಮೇಲೆ ಕೆಂಡ’ ಎಂದಷ್ಟೇ ಇದೆ.